ಊದಿ ಊದಿ ತುಟಿ ಗಟ್ಟಿಯಾಗುತ್ತದೆಯೇ? ಲೂಯಿ ಆರ್ಮ್‌ಸ್ಟ್ರಾಂಗ್ ತುಟಿಯ ಕಥೆ

ಸಂಗೀತಗಾರರ ಹೆಸರು ಹೊತ್ತ ಕಾಯಿಲೆಗಳು ತೀರಾ ಕಡಿಮೆ. ಅಂಥವುಗಳಲ್ಲಿ ಒಂದು ‘ಸ್ಯಾಚ್‌ಮೋ ಸಿಂಡ್ರೋಮ್’. ಟ್ರಂಪೆಟ್‌ನಂಥ ಹಿತ್ತಾಳೆ ವಾದ್ಯ ಊದುವವರ ತುಟಿಯೊಳಗಿನ ಸ್ನಾಯು ಹರಿದುಹೋಗುವುದಕ್ಕೆ ಈ ಹೆಸರು. 1982ರಲ್ಲಿ ಬಾರ್ಸಿಲೋನಾದ ಪ್ಲಾಸ್ಟಿಕ್ ಸರ್ಜನ್ ಹೈಮೆ ಪ್ಲಾನಾಸ್ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ಬಳಸಿದರು. ಸ್ಯಾಚ್‌ಮೋ ಎಂದರೆ ಅಮೆರಿಕದ ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್. ಕೈಚೀಲದ ಬಾಯಿಯಷ್ಟು ಅಗಲ ಬಾಯಿಯವನು ಎಂದು ರೇಗಿಸುವ ಅಡ್ಡಹೆಸರು ಅದು. ಪ್ಲಾನಾಸ್ ಅವರ ಲೇಖನ ಬಂದಾಗ ಆರ್ಮ್‌ಸ್ಟ್ರಾಂಗ್ ತೀರಿಕೊಂಡು 11 ವರ್ಷ ಆಗಿತ್ತು.

ನಮ್ಮ ಓದುಗರಲ್ಲಿ ಎಷ್ಟು ಜನ ಟ್ರಂಪೆಟ್ ಊದುತ್ತೀರೋ ಗೊತ್ತಿಲ್ಲ. ಆದರೆ ಊದುವವರನ್ನು ಎಲ್ಲರೂ ನೋಡಿದ್ದೀರಿ. ಮದುವೆ ದಿಬ್ಬಣದ ಬ್ಯಾಂಡ್‌ಸೆಟ್, ಗಣೇಶನ ಮೆರವಣಿಗೆ, ಪೊಲೀಸ್ ಬ್ಯಾಂಡು, ಶಾಲೆಯ ಕವಾಯತು. ಗಂಟೆಗಟ್ಟಲೆ ಊದುವ ಇವರ ತುಟಿ ಊದಿಕೊಂಡರೆ, ಒಡೆದರೆ, ಸುತ್ತಲಿನವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: ಇನ್ನಷ್ಟು ಊದು, ತಾನೇ ಜಡ್ಡುಗಟ್ಟುತ್ತದೆ. ಗುದ್ದಲಿ ಹಿಡಿದ ಕೈಗೆ ಜಡ್ಡು ಬರುವ ಹಾಗೆ ತುಟಿಗೂ ಬರುತ್ತದೆ ಎಂಬ ಲೆಕ್ಕ. ಈ ಲೆಕ್ಕ ಸರಿಯೇ? ಆರ್ಮ್‌ಸ್ಟ್ರಾಂಗ್ ಬದುಕನ್ನು ಅವರ ತುಟಿಯ ಕಡೆಯಿಂದ ನೋಡಿದರೆ ಉತ್ತರ ಸಿಗುತ್ತದೆ.

ತುಟಿಯೇ ವಾದ್ಯ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಊದುವ ವಾದ್ಯಗಳೆಲ್ಲ ನಮಗೆ ಒಂದೇ ಜಾತಿಯಂತೆ ಕಾಣುತ್ತವೆ. ಅವು ಒಂದೇ ಅಲ್ಲ. ನಾದಸ್ವರ, ಶಹನಾಯಿ, ಮೌರಿಗಳಲ್ಲಿ ತುದಿಗೆ ಸಿಕ್ಕಿಸಿದ ಪೀಪಿ ಅದುರುತ್ತದೆ. ಆ ಅದುರೇ ನಾದವಾಗುತ್ತದೆ. ಕೊಳಲಿನಲ್ಲಿ ಗಾಳಿಯೇ ಅಂಚಿಗೆ ಬಡಿದು ಅದುರುತ್ತದೆ. ಕೊಂಬು, ಕಹಳೆ, ಟ್ರಂಪೆಟ್‌ಗಳಲ್ಲಿ ಪೀಪಿಯೂ ಇಲ್ಲ, ಅಂಥ ಅಂಚೂ ಇಲ್ಲ. ಅಲ್ಲಿ ಅದುರುವುದು ಊದುವವನ ಸ್ವಂತ ತುಟಿ. ಶಂಖ ಊದಿದವರಿಗೆ ಇದು ಗೊತ್ತು: ತುಟಿ ಬಿಗಿಹಿಡಿದು ಪುರ್ರ್ ಎನ್ನಿಸದಿದ್ದರೆ ಬರೀ ಗಾಳಿ ಹೋಗುತ್ತದೆ, ಶಬ್ದ ಬರುವುದಿಲ್ಲ.

ಚಳ್ಳಕೆರೆ ತಾಲ್ಲೂಕಿನ ನಮ್ಮ ಗೌರಸಮುದ್ರದಲ್ಲಿ ಮಾರಮ್ಮನ ಜಾತ್ರೆಗೆ ಕರ್ನಾಟಕ, ಆಂಧ್ರ ಎರಡೂ ಕಡೆಯಿಂದ ಜನ ಸೇರುತ್ತಾರೆ. ಅಷ್ಟು ದೊಡ್ಡ ಜನಜಂಗುಳಿಯಲ್ಲಿ, ಉರುಮೆ ತಮಟೆಗಳ ನಡುವೆ, ಮೈಕು ಇಲ್ಲದೆ ದೂರಕ್ಕೆ ಕೇಳಿಸಬಲ್ಲ ಊದುವಾದ್ಯ ಎಂದರೆ ಕಹಳೆಯಂಥದ್ದೇ. ಎರಡು ತೆಳು ತುಟಿಗಳಿಂದ ಹೊರಟ ಅದುರು ಅಷ್ಟು ದೂರ ಹೋಗುತ್ತದೆ. ಉರುಮೆಯ ಚರ್ಮ ಸಡಿಲವಾದರೆ ಬಿಸಿಲಿಗೋ ಬೆಂಕಿಗೋ ಹಿಡಿದು ಬಿಗಿ ಮಾಡಬಹುದು, ಹರಿದರೆ ಬೇರೆ ಹಾಕಬಹುದು. ತುಟಿಗೆ ಆ ಅನುಕೂಲ ಇಲ್ಲ.

ಟ್ರಂಪೆಟ್‌ನಲ್ಲಿ ‘ಹೈ ಸಿ’ ಎಂದು ಕರೆಯುವ ಎತ್ತರದ ಸ್ವರ ಬರಬೇಕಾದರೆ ತುಟಿ ಸೆಕೆಂಡಿಗೆ ಸುಮಾರು 930 ಸಲ ತೆರೆದು ಮುಚ್ಚಬೇಕು. ಅದಕ್ಕೂ ಮೇಲಿನ ‘ಹೈ ಎಫ್’ಗೆ ಸುಮಾರು 1,245 ಸಲ. ಇಷ್ಟು ವೇಗ ಬರಲು ತುಟಿಯನ್ನು ಬಿಗಿಯಾಗಿ ಹಿಡಿಯಬೇಕು, ಗಾಳಿಯ ಒತ್ತಡ ಏರಿಸಬೇಕು. ಈ ಬಿಗಿ ಹಿಡಿತದ ಬಹುಪಾಲು ಕೆಲಸ ಬಾಯಿಯ ಸುತ್ತ ಇರುವ ‘ಆರ್ಬಿಕ್ಯುಲಾರಿಸ್ ಓರಿಸ್’ ಎಂಬ ಸ್ನಾಯುವಿನದು. ನಾವು ಸೀಟಿ ಹೊಡೆಯುವಾಗ, ಮುತ್ತಿಡುವಾಗ, ಬಿಸಿ ಚಹಾ ಆರಿಸುವಾಗ ಬಳಸುವುದೂ ಇದನ್ನೇ. ಹೆಚ್ಚಿನ ಚಿತ್ರಗಳಲ್ಲಿ ಇದನ್ನು ಬಳೆಯಂಥ ಒಂದೇ ಉಂಗುರದ ಹಾಗೆ ಬರೆದಿರುತ್ತಾರೆ. ನಿಜದಲ್ಲಿ ಅದು ಹಲವು ದಿಕ್ಕಿನಿಂದ ಬಂದು ಹೆಣೆದುಕೊಂಡ ಎಳೆಗಳ ಕಟ್ಟು.

ಸ್ನಾಯು ದಣಿದಾಗ ತೊಂದರೆ ಶುರುವಾಗುತ್ತದೆ. ದಣಿದ ತುಟಿ ಎತ್ತರದ ಸ್ವರಕ್ಕೆ ಬಿಗಿಯಾಗುವುದಿಲ್ಲ. ಆಗ ಊದುವವರು ತಮಗೆ ಅರಿವಿಲ್ಲದೆಯೇ ವಾದ್ಯವನ್ನು ಮುಖಕ್ಕೆ ಒತ್ತುತ್ತಾರೆ. ಲೋಹದ ಮೌತ್‌ಪೀಸ್ ಒಂದು ಕಡೆ, ಹಲ್ಲು ಇನ್ನೊಂದು ಕಡೆ, ನಡುವೆ ತುಟಿ. ಒತ್ತಿದಷ್ಟು ಹೊತ್ತು ಅಲ್ಲಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ರಕ್ತ ಹರಿಯದ ಸ್ನಾಯು ಇನ್ನೂ ಬೇಗ ದಣಿಯುತ್ತದೆ. ದಣಿದಷ್ಟೂ ಇನ್ನಷ್ಟು ಒತ್ತಬೇಕಾಗುತ್ತದೆ. ಈ ಸುಳಿಯಿಂದ ಹೊರಬರುವ ದಾರಿ ಊದುವುದನ್ನು ನಿಲ್ಲಿಸುವುದು ಮಾತ್ರ. ಆರ್ಮ್‌ಸ್ಟ್ರಾಂಗ್‌ಗೆ ಬಹಳ ವರ್ಷ ನಿಲ್ಲಿಸುವ ಸ್ವಾತಂತ್ರ್ಯವೇ ಇರಲಿಲ್ಲ.

ಐದು ಡಾಲರಿನ ಕಾರ್ನೆಟ್

ಲೂಯಿ ಹುಟ್ಟಿದ್ದು 1901ರ ಆಗಸ್ಟ್ 4ರಂದು, ಅಮೆರಿಕದ ದಕ್ಷಿಣ ತುದಿಯ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಕಡುಬಡತನದ ಕರಿಯರ ಕೇರಿಯೊಂದರಲ್ಲಿ. ತಮ್ಮ ಹುಟ್ಟಿದ ದಿನ 1900ರ ಜುಲೈ 4 ಎಂದು ಅವರು ಕೊನೆಯವರೆಗೂ ಹೇಳುತ್ತಿದ್ದರು. ಅದು ಅಮೆರಿಕದ ಸ್ವಾತಂತ್ರ್ಯ ದಿನ. ಚರ್ಚಿನ ದೀಕ್ಷಾಸ್ನಾನದ ದಾಖಲೆ ಸಿಕ್ಕಿ ನಿಜವಾದ ತಾರೀಕು ಗೊತ್ತಾಗಿದ್ದು ಅವರು ತೀರಿಕೊಂಡ ಎಷ್ಟೋ ವರ್ಷಗಳ ನಂತರ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1ನ್ನೇ ಹುಟ್ಟುಹಬ್ಬವಾಗಿಸಿಕೊಂಡ ಅಪ್ಪಂದಿರು, ಅಜ್ಜಂದಿರು ನಮ್ಮ ಮನೆಗಳಲ್ಲೂ ಇದ್ದಾರೆ. ಹಾಗಾಗಿ ಇದು ನಮಗೆ ವಿಚಿತ್ರ ಅನ್ನಿಸಬೇಕಿಲ್ಲ.

ಅಪ್ಪ ಮನೆ ಬಿಟ್ಟು ಹೋಗಿದ್ದ. ತಾಯಿ ಮೇಯಾನ್ ಸಿಕ್ಕ ಕೆಲಸ ಮಾಡಿ ಮಕ್ಕಳನ್ನು ಸಾಕಿದಳು. ಹುಡುಗ ಲೂಯಿ ಕಾರ್ನೋಫ್‌ಸ್ಕಿ ಎಂಬ ಯಹೂದಿ ಕುಟುಂಬದ ಗಾಡಿಯ ಜೊತೆ ಹೋಗಿ ಹಳೇ ಬಟ್ಟೆ, ಗುಜರಿ ಸಂಗ್ರಹಿಸುತ್ತಿದ್ದ, ಇದ್ದಿಲು ಮಾರುತ್ತಿದ್ದ. ಗಿರಾಕಿಗಳನ್ನು ಕರೆಯಲು ಗಾಡಿಯ ಮೇಲೆ ಕುಳಿತು ಒಂದು ತಗಡಿನ ತುತ್ತೂರಿ ಊದುತ್ತಿದ್ದ. ಗಿರವಿ ಅಂಗಡಿಯಲ್ಲಿ ಕಂಡ ಐದು ಡಾಲರಿನ ಹಳೇ ಕಾರ್ನೆಟ್ ಕೊಳ್ಳಲು ದುಡ್ಡು ಹೊಂದಿಸಿಕೊಟ್ಟವರೂ ಆ ಕುಟುಂಬದವರೇ. ಕಾರ್ನೆಟ್ ಎಂದರೆ ಟ್ರಂಪೆಟ್‌ನ ಗಿಡ್ಡ ತಮ್ಮ ಎಂದುಕೊಳ್ಳಿ.

1912ರ ಡಿಸೆಂಬರ್ 31ರ ರಾತ್ರಿ, ಹೊಸ ವರ್ಷದ ಸಡಗರದಲ್ಲಿ ಹುಡುಗ ಪಿಸ್ತೂಲು ಹಿಡಿದು ಗಾಳಿಯಲ್ಲಿ ಗುಂಡು ಹಾರಿಸಿದ. ಪೊಲೀಸರು ಹಿಡಿದರು. ಕರಿಯ ಬಾಲಕರ ಸುಧಾರಣಾ ಗೃಹಕ್ಕೆ ಕಳಿಸಿದರು. ಅಲ್ಲಿ ಪೀಟರ್ ಡೇವಿಸ್ ಎಂಬ ಶಿಕ್ಷಕರು ಹುಡುಗರ ಬ್ಯಾಂಡ್ ನಡೆಸುತ್ತಿದ್ದರು. ಲೂಯಿ ಕ್ರಮವಾಗಿ ಕಾರ್ನೆಟ್ ಕಲಿತದ್ದು ಅಲ್ಲೇ, ಒಂದೂವರೆ ವರ್ಷದೊಳಗೆ. ತುಟಿಯನ್ನು ಹೇಗೆ ಇಡಬೇಕು, ಎಷ್ಟು ಒತ್ತಬೇಕು ಎಂದು ವರ್ಷಗಟ್ಟಲೆ ಕೂರಿಸಿ ತಿದ್ದುವ ಗುರುಕುಲ ಅದಾಗಿರಲಿಲ್ಲ. ಬಲವಾಗಿ ಒತ್ತಿ ಊದುವ ಅಭ್ಯಾಸ ಆರ್ಮ್‌ಸ್ಟ್ರಾಂಗ್‌ರಿಗೆ ಅಂಟಿಕೊಂಡಿತ್ತು. ಅವರ ಫೋಟೋಗಳಲ್ಲಿ ಮೇಲ್ದುಟಿಯ ಗುರುತನ್ನು ಈಗಲೂ ನೋಡಬಹುದು.

ಹೊರಬಂದ ಮೇಲೆ ಹಗಲು ಇದ್ದಿಲು ಹೊರುವುದು, ರಾತ್ರಿ ಊದುವುದು. ಊರಿನ ಹೆಸರಾಂತ ಕಾರ್ನೆಟ್ ವಾದಕ ಜೋ ಆಲಿವರ್ ಅವನನ್ನು ತಮ್ಮ ಮಗನಂತೆ ಕಂಡರು. ‘ಕಿಂಗ್’ ಆಲಿವರ್ ಎಂದೇ ಅವರಿಗೆ ಹೆಸರು. 1922ರಲ್ಲಿ ಆಲಿವರ್ ಶಿಕಾಗೋದಿಂದ ಕರೆ ಕಳಿಸಿದಾಗ ಲೂಯಿ ರೈಲು ಹತ್ತಿದ. ಆಗ 21 ವರ್ಷ.

ಮುಂದಿನ ಆರು ವರ್ಷದಲ್ಲಿ ನಡೆದದ್ದರ ಬಗ್ಗೆ ದಪ್ಪ ದಪ್ಪ ಪುಸ್ತಕಗಳಿವೆ. ನಾವು ಬೇಗ ಹೇಳಿಬಿಡುತ್ತೇವೆ. ಪಿಯಾನೋ ವಾದಕಿ ಲಿಲ್ ಹಾರ್ಡಿನ್‌ರೊಂದಿಗೆ ಮದುವೆ, ಆಕೆಯ ಒತ್ತಾಯದಿಂದ ಆಲಿವರ್ ತಂಡದಿಂದ ಹೊರಬಂದಿದ್ದು, ನ್ಯೂಯಾರ್ಕ್, ಮತ್ತೆ ಶಿಕಾಗೋ. 1925ರ ನವೆಂಬರ್‌ನಿಂದ ‘ಹಾಟ್ ಫೈವ್’ ಎಂಬ ತಂಡದ ಹೆಸರಿನಲ್ಲಿ ಮಾಡಿದ ಧ್ವನಿಮುದ್ರಣಗಳು ಜಾಝ್‌ನ ದಿಕ್ಕನ್ನೇ ಬದಲಿಸಿದವು. ಅಲ್ಲಿಯವರೆಗೆ ಎಲ್ಲರೂ ಕೂಡಿ ನುಡಿಸುವ ಸಂಗೀತವಾಗಿದ್ದದ್ದು, ಒಬ್ಬ ವಾದಕ ಮುಂದೆ ನಿಂತು ತನ್ನ ಮನೋಧರ್ಮ ಬೆಳೆಸುವ ಸಂಗೀತವಾಯಿತು. ಕರ್ನಾಟಕ, ಹಿಂದೂಸ್ತಾನಿ ಸಂಗೀತ ಕೇಳುವ ನಮಗೆ ಇದು ಸಹಜ ಅನ್ನಿಸುತ್ತದೆ, ಜಾಝ್‌ಗೆ ಆಗ ಹೊಸದು. 1928ರ ‘ವೆಸ್ಟ್ ಎಂಡ್ ಬ್ಲೂಸ್’ನ ಆರಂಭದ ಕೆಲವೇ ಸೆಕೆಂಡುಗಳನ್ನು ಕೇಳಿದರೆ ಸಾಕು, ಆ ವಯಸ್ಸಿನಲ್ಲಿ ಆ ತುಟಿ ಏನು ಮಾಡಬಲ್ಲದಾಗಿತ್ತು ಎಂದು ತಿಳಿಯುತ್ತದೆ.

ತುಟಿಯನ್ನು ಪಣಕ್ಕಿಟ್ಟ ವರ್ಷಗಳು

ಜನ ಹುಚ್ಚೆದ್ದು ಬಂದದ್ದು ಎತ್ತರದ ಸ್ವರಗಳಿಗೆ. 1930ರ ಆಸುಪಾಸಿನಲ್ಲಿ ಆರ್ಮ್‌ಸ್ಟ್ರಾಂಗ್ ಒಂದು ಹಾಡಿನ ಕೊನೆಯಲ್ಲಿ ಹೈ ಸಿ ಸ್ವರವನ್ನು ನೂರು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಒಂದಾದ ಮೇಲೊಂದು ಊದಿ ಹೈ ಎಫ್‌ಗೆ ಏರಿ ಮುಗಿಸುತ್ತಿದ್ದರು. ಸಭಿಕರು ಕುಳಿತಲ್ಲೇ ಲೆಕ್ಕ ಹಾಕುತ್ತಿದ್ದರು. ಸಂಗೀತಕ್ಕಿಂತ ಇದು ಗರಡಿಮನೆಯ ಬೈಠಕ್ ಎಣಿಕೆಗೆ ಹತ್ತಿರ ಎನ್ನುವುದು ನಮ್ಮ ಅನಿಸಿಕೆ. ಅವರೇ ಮುಂದೆ ಆ ದಾರಿ ಬಿಟ್ಟರು. ಆದರೆ ಆಗ ಟಿಕೆಟ್ ಮಾರುತ್ತಿದ್ದದ್ದು ಅದೇ. ಆಗಿನ ಮ್ಯಾನೇಜರ್ ಜಾನಿ ಕಾಲಿನ್ಸ್ ಒಂದೂರಿನಿಂದ ಇನ್ನೊಂದೂರಿಗೆ ಬಿಡುವಿಲ್ಲದೆ ಕಾರ್ಯಕ್ರಮ ಒಪ್ಪಿಕೊಳ್ಳುತ್ತಿದ್ದ. ಒಂದೇ ದಿನ ಹಲವು ಪ್ರದರ್ಶನ, ರಾತ್ರಿ ಪ್ರಯಾಣ, ಬೆಳಗ್ಗೆ ಮತ್ತೆ ಶುರು.

ತುಟಿ ಕೂಗಿ ಹೇಳತೊಡಗಿತು. ಗೆಳೆಯ ಮೆಜ್ ಮೆಜ್ರೋ ತನ್ನ ಆತ್ಮಕಥೆಯಲ್ಲಿ ಬಾಲ್ಟಿಮೋರ್‌ನ ಒಂದು ರಾತ್ರಿಯನ್ನು ವಿವರಿಸುತ್ತಾನೆ. ವೇದಿಕೆಗೆ ಹೋಗುವ ಮುನ್ನ ಆರ್ಮ್‌ಸ್ಟ್ರಾಂಗ್ ಕನ್ನಡಿಯ ಮುಂದೆ ಕುಳಿತು, ಹುಣ್ಣಾದ ತುಟಿಯಿಂದ ಸತ್ತ ಚರ್ಮವನ್ನು ಸೂಜಿಯಿಂದ ಕೀಳುತ್ತಿದ್ದರಂತೆ. ಓದುವಾಗಲೇ ಮೈ ಝುಂ ಎನ್ನುತ್ತದೆ. ಗಾಯ ಒಣಗಿ ಗಡುಸಾದ ಚರ್ಮವನ್ನು ಬ್ಲೇಡಿನಿಂದ ತಾವೇ ಹೆರೆದು ತೆಗೆಯುತ್ತಿದ್ದರು ಎಂದೂ ಅವರನ್ನು ಬಲ್ಲವರು ಹೇಳಿದ್ದಾರೆ.

ಜಡ್ಡಿನ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಅಂಗೈಯ ಚರ್ಮ ದಪ್ಪ. ತಿಕ್ಕಾಟಕ್ಕೆ ಅದು ಮೇಲ್ಪದರವನ್ನು ಇನ್ನಷ್ಟು ದಪ್ಪ ಮಾಡಿಕೊಳ್ಳುತ್ತದೆ, ಕೆಲಸಕ್ಕೆ ಅದರಿಂದ ಅನುಕೂಲವೇ. ಗುದ್ದಲಿ ಹಿಡಿದ ಕೈ ಅದುರಬೇಕಾಗಿಲ್ಲವಲ್ಲ. ತುಟಿಯ ಕೆಂಪು ಭಾಗ ಮೈಯಲ್ಲೇ ತೀರಾ ತೆಳು ಚರ್ಮಗಳಲ್ಲಿ ಒಂದು. ಅಲ್ಲಿ ಬೆವರಿನ ಗ್ರಂಥಿಗಳಿಲ್ಲ, ಹಾಗಾಗಿ ಬೇಗ ಒಣಗುತ್ತದೆ, ಬೇಗ ಬಿರುಕು ಬಿಡುತ್ತದೆ. ಪದೇ ಪದೇ ಗಾಯವಾದ ತುಟಿಯಲ್ಲಿ ಗಾಯದ ಗಂಟು ಕಟ್ಟುತ್ತದೆ. ಗಂಟು ಗಟ್ಟಿ ನಿಜ, ಆದರೆ ಅದು ಮೆದು ತುಟಿಯಷ್ಟು ಸಲೀಸಾಗಿ ಅದುರುವುದಿಲ್ಲ. ಸ್ವರ ಒಡೆಯುತ್ತದೆ, ಗಾಳಿ ಸೋರುತ್ತದೆ, ಮತ್ತೆ ಒತ್ತಬೇಕಾಗುತ್ತದೆ. ಬ್ಲೇಡಿನಿಂದ ಹೆರೆದರೆ ಆ ಹೊತ್ತಿಗೆ ಹಗುರ ಅನ್ನಿಸಬಹುದು. ಹೆರೆದ ಜಾಗವೂ ಗಾಯವೇ. ಅದೂ ಒಣಗುವಾಗ ಇನ್ನೊಂದು ಗಂಟು ಕಟ್ಟಬಹುದು, ಕೀವಾದರೆ ಇನ್ನೂ ಅಪಾಯ. ಆರ್ಮ್‌ಸ್ಟ್ರಾಂಗ್ ಉಳಿದದ್ದು ಬ್ಲೇಡಿನಿಂದ ಅಲ್ಲ. ಅದನ್ನು ಅವರ ಗುಟ್ಟಿನ ಔಷಧ ಎಂಬಂತೆ ಹೇಳುವ ಕಥೆಗಳನ್ನು ನಂಬಬೇಡಿ.

1933ರ ನವೆಂಬರ್‌ನಲ್ಲಿ ಲಂಡನ್ನಿನ ಹಾಲ್ಬರ್ನ್ ಎಂಪೈರ್ ರಂಗಮಂದಿರದಲ್ಲಿ, ಪ್ರದರ್ಶನದ ನಡುವೆಯೇ ತುಟಿ ಸೀಳಿತು. ರಕ್ತ ಅಂಗಿಯ ಮೇಲೆ ಇಳಿಯಿತು. ಆಗ ಅವರಿಗೆ 32 ವರ್ಷ. ಜಗತ್ತಿನ ಅತ್ಯಂತ ಹೆಸರಾಂತ ಟ್ರಂಪೆಟ್ ವಾದಕ, ತುಟಿಗೆ ಮೌತ್‌ಪೀಸ್ ತಾಗಿಸಲಾರದ ಸ್ಥಿತಿ. ಕಾಲಿನ್ಸ್ ಜೊತೆಗೂ ಅಷ್ಟರಲ್ಲಿ ಸಂಬಂಧ ಹರಿದಿತ್ತು.

ಊದದ ತಿಂಗಳುಗಳು

ಆಮೇಲಿನ ಕಾಲ ಜೀವನಚರಿತ್ರೆಗಳಲ್ಲಿ ಹೆಚ್ಚು ಪುಟ ಪಡೆಯುವುದಿಲ್ಲ, ಏನೂ ನಡೆಯಲಿಲ್ಲವಲ್ಲ ಎಂದು. ನಮ್ಮ ಲೆಕ್ಕದಲ್ಲಿ ಅತಿ ಮುಖ್ಯ ಭಾಗ ಅದೇ. 1934ರಲ್ಲಿ ಆರ್ಮ್‌ಸ್ಟ್ರಾಂಗ್ ಪ್ಯಾರಿಸ್‌ನಲ್ಲಿ ಉಳಿದರು. ಹಲವು ತಿಂಗಳು ಕಾರ್ಯಕ್ರಮ ಒಪ್ಪಿಕೊಳ್ಳಲಿಲ್ಲ. ಆ ವರ್ಷದ ಕೊನೆಯ ಹೊತ್ತಿಗೆ ಮತ್ತೆ ವೇದಿಕೆ ಏರಿದರು, ಪ್ಯಾರಿಸ್‌ನಲ್ಲಿ ಧ್ವನಿಮುದ್ರಣವನ್ನೂ ಮಾಡಿದರು. 1935ರ ಜನವರಿಯಲ್ಲಿ ಅಮೆರಿಕಕ್ಕೆ ಮರಳಿದ ಮೇಲೆ ತುಟಿ ಮತ್ತೆ ಕೈಕೊಟ್ಟಿತು. ವೈದ್ಯರ ಮಾತಿನಂತೆ ಇನ್ನೂ ಕೆಲವು ತಿಂಗಳು ಟ್ರಂಪೆಟ್ ಪೆಟ್ಟಿಗೆಯಲ್ಲೇ ಉಳಿಯಿತು. ಕೈಯಲ್ಲಿ ದುಡ್ಡಿರಲಿಲ್ಲ, ಹಳೇ ಮ್ಯಾನೇಜರ್ ಜೊತೆ ವ್ಯಾಜ್ಯ ಇತ್ತು, ಅವರ ಕಥೆ ಮುಗಿಯಿತು ಎನ್ನುವ ಮಾತೂ ಓಡಾಡುತ್ತಿತ್ತು. ಊದಿಯೇ ಹೊಟ್ಟೆ ಹೊರೆಯುವ ಮನುಷ್ಯನಿಗೆ ಸುಮ್ಮನಿರುವುದು ಎಷ್ಟು ದುಬಾರಿ ಎಂದು ಬ್ಯಾಂಡ್‌ಸೆಟ್ಟಿನವರಿಗೆ ನಾವು ಹೇಳಬೇಕಿಲ್ಲ. ಲಗ್ನದ ದಿನಗಳಲ್ಲಿ ಒಂದು ವಾರ ಮನೆಯಲ್ಲಿ ಕುಳಿತರೆ ವರ್ಷದ ಲೆಕ್ಕವೇ ತಪ್ಪುತ್ತದೆ.

1935ರ ನಡುವಿನಲ್ಲಿ ಜೋ ಗ್ಲೇಸರ್ ಎಂಬ ಹೊಸ ಮ್ಯಾನೇಜರ್ ಜೊತೆ ಅವರು ಮರಳಿದರು. ಮರಳಿದ ಆರ್ಮ್‌ಸ್ಟ್ರಾಂಗ್ ಬೇರೆಯಾಗಿದ್ದರು. ನೂರು ಹೈ ಸಿಗಳ ಕಸರತ್ತು ನಿಧಾನವಾಗಿ ಮರೆಯಾಯಿತು. ಹಾಡಿನ ಧಾಟಿಯನ್ನೇ ಹಿಡಿದು, ಕಡಿಮೆ ಸ್ವರಗಳಲ್ಲಿ, ನಡುವೆ ಜಾಗ ಬಿಟ್ಟು ಊದತೊಡಗಿದರು. ಹಾಡುವುದು ಹೆಚ್ಚಾಯಿತು. ಹಾಡುವಾಗ ತುಟಿಗೆ ಬಿಡುವು, ಊದುವಾಗ ಗಂಟಲಿಗೆ ಬಿಡುವು. ಈ ಬದಲಾವಣೆಗೆ ತುಟಿಯೊಂದೇ ಕಾರಣ ಎಂದರೆ ತಪ್ಪಾದೀತು. ವಯಸ್ಸು, ಅಭಿರುಚಿ, ಮಾರುಕಟ್ಟೆ ಎಲ್ಲವೂ ಇದ್ದವು, ಹಾಡುವುದನ್ನಂತೂ ಅವರು 1920ರ ದಶಕದಲ್ಲೇ ಶುರು ಮಾಡಿದ್ದರು. ಆದರೆ ತುಟಿ ಆ ಕಡೆಗೆ ತಳ್ಳಿತು ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಮುಂದೆಯೂ ಎತ್ತರದ ಸ್ವರಗಳನ್ನು ಅವರು ಊದಿದರು, ಬೇಕಾದಲ್ಲಿ ಮಾತ್ರ.

ತುಟಿಯ ಆರೈಕೆ ಅವರಿಗೆ ದಿನಚರಿಯಾಯಿತು. ಜರ್ಮನಿಯ ಮ್ಯಾನ್‌ಹೈಮ್ ನಗರದ ಟ್ರೊಂಬೋನ್ ವಾದಕ ಫ್ರಾಂಟ್ಸ್ ಶ್ಯೂರಿಟ್ಸ್ ಎಂಬಾತ ಊದುವವರಿಗೆಂದೇ ಒಂದು ಮುಲಾಮು ತಯಾರಿಸಿದ್ದ. ಆರ್ಮ್‌ಸ್ಟ್ರಾಂಗ್‌ರಿಗೆ ಅದು ಎಷ್ಟು ಹಿಡಿಸಿತೆಂದರೆ, ಮುಂದೆ ಮುಲಾಮಿಗೆ ಅವರ ಹೆಸರನ್ನೇ ಇಡಲಾಯಿತು. ಹಾಗೆಂದು ಮುಲಾಮು ಪವಾಡ ಮಾಡಿತು ಎಂದುಕೊಳ್ಳಬೇಡಿ. ಯಾವ ತುಟಿ ಮುಲಾಮೂ, ನಮ್ಮ ಮನೆಯ ತುಪ್ಪವಾಗಲಿ ಬೆಣ್ಣೆಯಾಗಲಿ, ಚರ್ಮ ಒಣಗದಂತೆ ತಡೆಯುತ್ತದೆ. ಒಳಗಿನ ಸ್ನಾಯುವನ್ನು ಅದು ಹೊಲಿಯುವುದಿಲ್ಲ.

ಅದೇ ಕಾಲಕ್ಕೆ ಗುರು ಆಲಿವರ್ ಗತಿ ಏನಾಯಿತು ಎಂದೂ ನೋಡಬೇಕು. ಆಲಿವರ್‌ಗೆ ತೊಂದರೆ ಬಂದದ್ದು ತುಟಿಯ ಹಿಂದಿನಿಂದ. ವಸಡಿನ ರೋಗದಿಂದ ಹಲ್ಲುಗಳು ಉದುರಿದವು. ಮೌತ್‌ಪೀಸಿನ ಭಾರ ಹೊರುವುದು ತುಟಿಯ ಹಿಂದಿನ ಹಲ್ಲು. ಗೋಡೆ ಬಿದ್ದ ಮೇಲೆ ಒತ್ತುವುದೆಲ್ಲಿಗೆ? ಊದುವುದು ನಿಂತಿತು, ದುಡ್ಡೂ ನಿಂತಿತು. 1937ರಲ್ಲಿ ಜಾರ್ಜಿಯಾ ರಾಜ್ಯದ ಸವಾನಾ ಪಟ್ಟಣಕ್ಕೆ ಹೋದ ಆರ್ಮ್‌ಸ್ಟ್ರಾಂಗ್, ರಸ್ತೆ ಬದಿಯಲ್ಲಿ ತರಕಾರಿ ಮಾರುತ್ತಿದ್ದ ಗುರುವನ್ನು ಕಂಡರು. ಜೇಬಿನಲ್ಲಿದ್ದ ದುಡ್ಡು ಕೊಟ್ಟರು. 1938ರ ಏಪ್ರಿಲ್‌ನಲ್ಲಿ ಆಲಿವರ್ ಅದೇ ಊರಿನಲ್ಲಿ ತೀರಿಕೊಂಡರು. ಹಲ್ಲಿನ ವೈದ್ಯರ ಬಳಿ ಹೋಗಲು ಸೋಮಾರಿತನ ಮಾಡುವ ಊದುವವರೆಲ್ಲ ಆಲಿವರ್ ಕಥೆ ಓದಬೇಕು.

ಹಾಗಾದರೆ ಸ್ಯಾಚ್‌ಮೋಗೆ ಸ್ಯಾಚ್‌ಮೋ ಸಿಂಡ್ರೋಮ್ ಇತ್ತೇ?

ಹೆಸರು ನೋಡಿ ಇತ್ತೆಂದೇ ಎಲ್ಲರೂ ಬರೆಯುತ್ತಾರೆ. ಪ್ಲಾನಾಸ್ ಪರೀಕ್ಷಿಸಿದ್ದು ಬೇರೆ ಟ್ರಂಪೆಟ್ ವಾದಕರನ್ನು. ಆರ್ಮ್‌ಸ್ಟ್ರಾಂಗ್ ಬಗ್ಗೆ ಬಲ್ಲವರು ಬರೆದಿಟ್ಟದ್ದು ಹುಣ್ಣು, ಸೀಳು, ಗಾಯದ ಗಂಟು. ಇವು ಹೊರಗೆ ಕಾಣುವ ಚರ್ಮದ ತೊಂದರೆಗಳು. ಸಿಂಡ್ರೋಮ್‌ನಲ್ಲಿ ಹರಿಯುವುದು ಚರ್ಮದ ಕೆಳಗಿನ ಸ್ನಾಯು. ಅವರಿಗೆ ಎರಡೂ ಆಗಿರಬಹುದು. ಆದರೆ ಕಾಯಿಲೆಗೆ ಅವರ ಹೆಸರು ಬಂದದ್ದು ಗೌರವದಿಂದ, ಅವರ ತುಟಿಯ ತಪಾಸಣೆಯಿಂದಲ್ಲ. ಈ ವ್ಯತ್ಯಾಸ ಬರೀ ಪಾಂಡಿತ್ಯದ ಮಾತಲ್ಲ, ಚಿಕಿತ್ಸೆಯೇ ಬೇರೆಯಾಗುತ್ತದೆ.

ಚರ್ಮದ ಸಣ್ಣ ಸೀಳಾದರೆ ಹೆಚ್ಚು ಹೆದರಬೇಕಿಲ್ಲ. ತುಟಿಗೆ ರಕ್ತದ ಹರಿವು ಚೆನ್ನಾಗಿದೆ, ಬಾಯಿಯ ಒಳಪದರವಂತೂ ಹೊರಚರ್ಮಕ್ಕಿಂತ ಬೇಗ ಕೂಡಿಕೊಳ್ಳುತ್ತದೆ, ಕಲೆಯೂ ಕಡಿಮೆ. ಸಾಮಾನ್ಯವಾಗಿ ಒಂದೆರಡು ವಾರ. ತೊಂದರೆ ಎಂದರೆ ಆ ಒಂದೆರಡು ವಾರ ನಾವು ಸುಮ್ಮನಿರುವುದಿಲ್ಲ. ನಾಲಿಗೆಯಿಂದ ನೆಕ್ಕುತ್ತಿರುತ್ತೇವೆ, ಎಂಜಲು ಆರಿದಂತೆ ತುಟಿ ಇನ್ನಷ್ಟು ಒಣಗುತ್ತದೆ. ಹಕ್ಕಳೆ ಕೀಳುತ್ತೇವೆ. ರಕ್ತ ಬಂದ ಕೂಡಲೇ ಕಾಫಿಪುಡಿಯನ್ನೋ ಅರಿಶಿನವನ್ನೋ ಒತ್ತುವ ಅಭ್ಯಾಸ ನಮ್ಮಲ್ಲಿದೆ. ಪುಡಿಯ ಕಣ ಗಾಯದೊಳಗೆ ಸೇರಿದರೆ ಕೀವಾಗಬಹುದು, ಹೊಲಿಗೆ ಹಾಕುವ ವೈದ್ಯರಿಗೆ ಅದನ್ನು ತೊಳೆಯುವುದೇ ಕೆಲಸ. ಶುದ್ಧ ನೀರಿನಿಂದ ತೊಳೆದು, ಶುಭ್ರ ಬಟ್ಟೆಯಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಸಾಕು. ಗಾಯ ಆರುವವರೆಗೆ ಖಾರ, ಉಪ್ಪಿನಕಾಯಿ ದೂರ ಇಟ್ಟರೆ ಉರಿಯಾದರೂ ತಪ್ಪುತ್ತದೆ.

ಮೆರವಣಿಗೆಯಲ್ಲಿ ಯಾರದೋ ಮೊಣಕೈ ತಗುಲಿ ಮೌತ್‌ಪೀಸ್ ಬಾಯಿಗೆ ಬಡಿಯುವುದು, ಬೈಕಿನಿಂದ ಬೀಳುವುದು ಬೇರೆ ಮಾತು. ಸೀಳು ತುಟಿಯ ಆಚೆಯಿಂದ ಈಚೆಗೆ ತೂರಿದ್ದರೆ, ಕೆಂಪು ತುಟಿ ಮತ್ತು ಮುಖದ ಚರ್ಮ ಸೇರುವ ಗೆರೆಯನ್ನು ದಾಟಿದ್ದರೆ, ಹಲ್ಲು ಅಲ್ಲಾಡುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಆ ಗೆರೆ ಕೂದಲೆಳೆಯಷ್ಟು ತಪ್ಪಿ ಕೂಡಿದರೂ ನೋಟಕ್ಕೆ ಎದ್ದು ಕಾಣುತ್ತದೆ. ಹೊಲಿಗೆ ಹಾಕುವವರಿಗೆ ತಾವು ಊದುವವರು ಎಂದು ಮೊದಲೇ ಹೇಳಿ.

ಸ್ನಾಯು ಹರಿದದ್ದನ್ನು ಗುರುತಿಸುವುದು ಕಷ್ಟ, ಏಕೆಂದರೆ ಹೊರಗೆ ಗಾಯವೇ ಇರದಿರಬಹುದು. ಊದುತ್ತಿರುವಾಗ ತಟಕ್ಕನೆ ನೋವು, ಆಮೇಲೆ ಎತ್ತರದ ಸ್ವರ ಸಿಗದಿರುವುದು, ಒಂದೇ ಜಾಗದಿಂದ ಗಾಳಿ ಸೋರುವುದು, ತುಟಿ ಚೂಪು ಮಾಡಿದಾಗ ಒಂದು ಕಡೆ ಸಣ್ಣ ಗುಳಿ ಕಾಣುವುದು, ಇವು ಲಕ್ಷಣಗಳು. ವಾರಗಟ್ಟಲೆ ಬಿಡುವು ಕೊಟ್ಟರೂ ಹೀಗೇ ಇದ್ದರೆ ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಬೇಕು. ಹರಿದ ಎಳೆಗಳನ್ನು ಹುಡುಕಿ ಹೊಲಿಯುವ ಶಸ್ತ್ರಚಿಕಿತ್ಸೆ ಈಗ ಇದೆ, ಅದರ ನಂತರ ವೃತ್ತಿಗೆ ಮರಳಿದ ವಾದಕರೂ ಇದ್ದಾರೆ. ಎಲ್ಲರಿಗೂ ಅದು ಬೇಕಾಗುವುದಿಲ್ಲ.

ಮತ್ತೆ ಊದುವುದು ಯಾವಾಗ? ಬಾವು ಪೂರ್ತಿ ಇಳಿದು, ಮುಟ್ಟಿದರೆ ನೋವಿಲ್ಲ ಎಂದಾದ ಮೇಲೆ. ಮೊದಲ ದಿನಗಳಲ್ಲಿ ಕೆಳಗಿನ ಸ್ವರ, ಮೆಲುದನಿ, ಕೆಲವೇ ನಿಮಿಷ. ಊದಿದಷ್ಟೇ ಹೊತ್ತು ಬಿಡುವು. ನೋವು ಬಂದರೆ ಅಂದಿಗೆ ಮುಗಿಯಿತು. ಬಿಡುವಿನಲ್ಲಿದ್ದ ಸ್ನಾಯು ಸೊರಗಿರುತ್ತದೆ. ಮುರಿದ ಕಾಲಿಗೆ ಹಾಕಿದ ಪಟ್ಟಿ ಬಿಚ್ಚಿದ ದಿನವೇ ಯಾರೂ ಓಡುವುದಿಲ್ಲವಲ್ಲ. ಗಾಯದ ಗಂಟು ಮೆದುವಾಗುತ್ತ ಹೋಗಲು ತಿಂಗಳುಗಳೇ ಬೇಕು. ಹಾಗಾಗಿ ಮೊದಲ ವಾರದ ಒರಟು ನಾದ ಕೇಳಿ ಎದೆಗುಂದಬೇಕಿಲ್ಲ. ತಂಡದಲ್ಲಿ ಇಬ್ಬರು ಟ್ರಂಪೆಟ್ಟಿನವರಿದ್ದರೆ ಪಲ್ಲವಿ ಒಬ್ಬರು, ಚರಣ ಒಬ್ಬರು ಎಂದು ಹಂಚಿಕೊಳ್ಳಿ. ಆರ್ಮ್‌ಸ್ಟ್ರಾಂಗ್ ಹಾಡಿನ ನಡುವೆ ಬಾಯಲ್ಲೇ ಹಾಡಿ ಪಡೆದದ್ದು ಇದೇ ಬಿಡುವನ್ನು.

ಇನ್ನೂ 36 ವರ್ಷ

1935ರಲ್ಲಿ ಮುಗಿಯಿತು ಎಂದುಕೊಂಡ ವೃತ್ತಿ ಇನ್ನೂ 36 ವರ್ಷ ನಡೆಯಿತು. 1943ರಲ್ಲಿ ಪತ್ನಿ ಲೂಸಿಲ್ ನ್ಯೂಯಾರ್ಕಿನ ಕರೋನಾ ಬಡಾವಣೆಯಲ್ಲಿ ಸಾಧಾರಣ ಮನೆಯೊಂದನ್ನು ಕೊಂಡರು. ಹೌದು, ಬಡಾವಣೆಯ ಹೆಸರು ಅದೇ, ನಗಬೇಡಿ. 1947ರಲ್ಲಿ ‘ಆಲ್ ಸ್ಟಾರ್ಸ್’ ಎಂಬ ಸಣ್ಣ ತಂಡ ಕಟ್ಟಿ ಆರ್ಮ್‌ಸ್ಟ್ರಾಂಗ್ ದೇಶ ದೇಶ ಸುತ್ತಿದರು. ದೊಡ್ಡ ತಂಡದ ಗದ್ದಲವನ್ನು ಮೀರಿ ಊದುವ ಅಗತ್ಯ ಅಲ್ಲಿ ಇರಲಿಲ್ಲ. ಕ್ಲಾರಿನೆಟ್, ಟ್ರೊಂಬೋನ್, ಪಿಯಾನೋದವರಿಗೂ ಸರದಿ ಬರುತ್ತಿತ್ತು. 1964ರ ಮೇ 9ರಂದು ಅವರ ‘ಹಲೋ, ಡಾಲಿ!’ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಬೀಟಲ್ಸ್ ತಂಡವನ್ನು ಕೆಳಗಿಳಿಸಿ ಮೊದಲ ಸ್ಥಾನಕ್ಕೆ ಏರಿತು. ಆಗ ಅವರಿಗೆ 62.

ಕೊನೆಗೆ ಕೈಕೊಟ್ಟದ್ದು ತುಟಿಯಲ್ಲ. 1959ರಲ್ಲಿ ಇಟಲಿಯಲ್ಲಿ ಹೃದಯಾಘಾತವಾಗಿತ್ತು. 1968ರಲ್ಲಿ ಹೃದಯ ಮತ್ತು ಮೂತ್ರಪಿಂಡ ಎರಡೂ ಸೋತವು, ಟ್ರಂಪೆಟ್ ಮುಟ್ಟಬೇಡಿ ಎಂದು ವೈದ್ಯರು ತಾಕೀತು ಮಾಡಿದರು. 1969ರಲ್ಲಿ ಜೇಮ್ಸ್ ಬಾಂಡ್ ಚಿತ್ರವೊಂದಕ್ಕೆ ಅವರು ಹಾಡಿದ ಹಾಡಿನಲ್ಲಿ ಟ್ರಂಪೆಟ್ ಬೇರೆಯವರದು. 1970ರಲ್ಲಿ ಮತ್ತೆ ಊದತೊಡಗಿದರು. 1971ರ ಮಾರ್ಚ್‌ನಲ್ಲಿ, ಬೇಡವೆಂದರೂ ಕೇಳದೆ, ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನ ಕಾರ್ಯಕ್ರಮಗಳಿಗೆ ಹೋದರು. ಅದು ಮುಗಿಯುತ್ತಲೇ ಮತ್ತೆ ಹೃದಯಾಘಾತವಾಗಿ ಆಸ್ಪತ್ರೆ ಸೇರಿದರು. ಮನೆಗೆ ಬಂದು ಚೇತರಿಸಿಕೊಳ್ಳುತ್ತಿದ್ದವರು ತಂಡವನ್ನು ಮತ್ತೆ ಅಭ್ಯಾಸಕ್ಕೆ ಕರೆಸುವ ಮಾತಾಡುತ್ತಿದ್ದರು. 1971ರ ಜುಲೈ 6ರ ನಸುಕಿನಲ್ಲಿ, ಕರೋನಾದ ಮನೆಯಲ್ಲಿ, ನಿದ್ದೆಯಲ್ಲೇ ತೀರಿಕೊಂಡರು. ಆ ಮನೆ ಈಗ ವಸ್ತುಸಂಗ್ರಹಾಲಯ.